ಸ್ಕೂಟರ್ ಇಳಿಯದೆ ಹಾಕಿದ ಸಹಿ

ನನ್ನ ನಾದಿನಿಯ ಕುಬಸ ಆದದ್ದು ಮೂರು ವರ್ಷದ ಹಿಂದೆ. ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಬಸುರಿಗೆ ತವರುಮನೆಯಲ್ಲಿ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ ಅದು. ನಮ್ಮ ಮನೆಯಲ್ಲಿ ಆ ದಿನದ ಫೋಟೊಗಳನ್ನು ಎಲ್ಲರೂ ಮೇಲಿಂದ ಮೇಲೆ ತೆಗೆದು ನೋಡುತ್ತಾರೆ. ನಾನು ಮಾತ್ರ ಏನಾದರೂ ಕೆಲಸದ ನೆಪ ಹೇಳಿ ಎದ್ದು ಹೋಗುತ್ತೇನೆ. ಯಾಕೆ ಎಂದು ಇಷ್ಟು ದಿನ ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

ನಾನು ಪಶು ವೈದ್ಯೆ. ತವರು ಗಜೇಂದ್ರಗಡ, ಅಪ್ಪನದು ಸೀರೆ ಅಂಗಡಿ. ಕೊಟ್ಟ ಮನೆ ರೋಣ ಸೀಮೆಯ ಒಂದು ಊರು, ಕಾಳುಕಡಿ ವ್ಯಾಪಾರದವರು. ಅದೃಷ್ಟಕ್ಕೆ ನನ್ನ ಮೊದಲ ನೌಕರಿಯೂ ಅದೇ ಊರಿನ ದನದ ದವಾಖಾನೆಯಲ್ಲಿ ಸಿಕ್ಕಿತು. ಊರಿನ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಊರಿನದಲ್ಲ.

ನಾನು ಸೇರಿದ ವರ್ಷವೇ ಊರಿನ ಹಳೆಯ ಕಸಾಯಿಖಾನೆಯನ್ನು ರಿಪೇರಿ ಮಾಡಿಸಿದ್ದರು. ಕುರಿ ಆಡುಗಳು ಹಿಂದಿನ ದಿನವೇ ಬಂದು ದಣಿವಾರಿಸಿಕೊಳ್ಳಲು ನೆರಳಿನ ದೊಡ್ಡಿ, ನೀರಿನ ತೊಟ್ಟಿ, ಕೊಯ್ಯುವ ಕಡೆಗೆ ಬೇರೆ ಕೋಣೆ, ಎಲ್ಲ ಆಯಿತು. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನಿಯಮಗಳನ್ನು ಬರೆಸಿದವಳು ನಾನೇ. ಗಬ್ಬದ ಪ್ರಾಣಿಯನ್ನು ಕೊಯ್ಯಬಾರದು. ಮೂರು ತಿಂಗಳೊಳಗಿನ ಮರಿಯನ್ನಾಗಲಿ, ಅಂಥ ಮರಿ ಇರುವ ತಾಯಿಯನ್ನಾಗಲಿ ಕೊಯ್ಯಬಾರದು. ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಪಶು ವೈದ್ಯರು ನೋಡಿ ಪಾಸು ಮಾಡದೆ ಯಾವುದನ್ನೂ ಮುಟ್ಟಬಾರದು. ವೈದ್ಯರು ಕೂಡ ಗಂಟೆಗೆ ಹನ್ನೆರಡಕ್ಕಿಂತ ಹೆಚ್ಚು ಪ್ರಾಣಿ ನೋಡುವಂತಿಲ್ಲ. ಅವಸರದಲ್ಲಿ ನೋಡಿದರೆ ನೋಡಿದ ಹಾಗಲ್ಲ ಎಂದು ಕಾಯಿದೆ ಮಾಡಿದವರಿಗೆ ಗೊತ್ತಿತ್ತು.

ಕೊಯ್ಯುವ ಕೆಲಸದವರನ್ನೆಲ್ಲ ಕೂಡಿಸಿ ಒಂದು ಸಭೆ ಮಾಡಿದರು. ನಾನು ಒಂದು ತಾಸು ಮಾತಾಡಿದೆ. ಕಾಲೇಜು ಬಿಟ್ಟು ಬಹಳ ದಿನ ಆಗಿರಲಿಲ್ಲ, ಬಾಯಿ ಜೋರಿತ್ತು. ಪ್ರಾಣಿಗೂ ಭಯ ಇರುತ್ತದೆ, ರಕ್ತದ ವಾಸನೆ ತಿಳಿಯುತ್ತದೆ, ಜೊತೆಯದರ ಕೂಗು ತಿಳಿಯುತ್ತದೆ ಎಂದೆಲ್ಲ, ಅವರಿಗೇನೂ ಗೊತ್ತಿಲ್ಲವೇನೋ ಎಂಬಂತೆ ಹೇಳಿದೆ. ಎದುರಿಗೆ ಕುಳಿತವರಲ್ಲಿ ಎಲ್ಲರಿಗಿಂತ ಹಿರಿಯ ಹನಮಪ್ಪಜ್ಜ. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಧೋತರ, ಕೈ ಮಾತ್ರ ಇನ್ನೂ ಗಟ್ಟಿ. ಮೂರು ತಲೆಮಾರಿನಿಂದ ಅವರ ಮನೆಯದು ಇದೇ ಕೆಲಸ. ನಾನು ಮುಗಿಸಿದ ಮೇಲೆ ಅವನು ಎದ್ದು ನಿಂತ.

"ನೀವು ಹೇಳಿದ್ದು ಖರೇ ಐತ್ರಿ ಅವ್ವಾರ. ನಮ್ಮಪ್ಪನೂ ಇದನ್ನ ಹೇಳ್ತಿದ್ದ. ಆದ್ರ ಕುರಿ ತಂದಾಂವ ಅವಸರ ಮಾಡ್ತಾನ. ನಾ ಒಲ್ಲೆ ಅಂದ್ರ ನನ್ನ ಮಾತು ಯಾರ ಕೇಳ್ತಾರು? ನೀವು ಬ್ಯಾಡ ಅಂದ್ರ ನಡೀತೈತಿ. ದಿನಾ ಬರ್ತೀರೇನು?"

"ದಿನಾ ಬರ್ತೀನಿ ಅಜ್ಜಾ," ಎಂದೆ. ಎಲ್ಲರಿಗೂ ಕೇಳುವ ಹಾಗೆ ಎಂದೆ.

ಮೊದಲ ತಿಂಗಳು ಹೇಳಿದ ಹಾಗೆಯೇ ನಡೆದುಕೊಂಡೆ. ಬೆಳಿಗ್ಗೆ ಆರಕ್ಕೆ ಹೋಗಿ, ದೊಡ್ಡಿಯೊಳಗೆ ನಿಂತು, ಒಂದೊಂದೇ ಕುರಿಯ ಬಾಯಿ, ಕಣ್ಣು, ಹೊಟ್ಟೆ ಎಲ್ಲ ನೋಡಿ ಸಹಿ ಹಾಕುತ್ತಿದ್ದೆ. ಆಗ ಹನಮಪ್ಪಜ್ಜನ ರೀತಿಯನ್ನೂ ನೋಡಿದೆ. ಕೊಯ್ಯುವ ಕೋಣೆಗೂ ದೊಡ್ಡಿಗೂ ನಡುವೆ ಅವನು ಗೋಣಿತಟ್ಟಿನ ಪರದೆ ಕಟ್ಟಿದ್ದ. ಬಾಗಿಲು ಕೂಡಿಸುವ ಮೊದಲೇ ಅದು ಅಲ್ಲಿತ್ತು, ಬಾಗಿಲು ಬಂದ ಮೇಲೂ ಅವನು ಅದನ್ನು ತೆಗೆದಿರಲಿಲ್ಲ. ಕತ್ತಿಯನ್ನು ಮನೆಯಲ್ಲೇ ಮಸೆದು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದ, ಕುರಿಗಳ ಮುಂದೆ ಬಿಚ್ಚುತ್ತಿರಲಿಲ್ಲ. ನಾನು ಒಂದು ತಾಸು ಭಾಷಣ ಮಾಡಿದ್ದನ್ನು ಆ ಮನುಷ್ಯ ಬಾಯಿ ಬಿಡದೆ ಐವತ್ತು ವರ್ಷ ಮಾಡಿಕೊಂಡು ಬಂದಿದ್ದ.

ತೊಂದರೆ ಬಂದದ್ದು ನನ್ನ ತಲೆಗೂದಲಿನಿಂದ. ನಗಬೇಡಿ, ಇದು ನಿಜ.

ನಮ್ಮ ಅತ್ತೆಯವರು ದೇವರು, ಮಡಿ ಎಲ್ಲವನ್ನೂ ನಿಷ್ಠೆಯಿಂದ ಮಾಡುವವರು. ಆದರೆ ಸೊಸೆಯ ನೌಕರಿಗೆ ಎಂದೂ ಅಡ್ಡ ಬಂದವರಲ್ಲ. ಕಸಾಯಿಖಾನೆಗೆ ಹೋಗಬೇಕಾಗುತ್ತದೆ ಎಂದು ನಾನು ಅಂಜುತ್ತ ಹೇಳಿದಾಗ, "ಸರಕಾರದ ಕೆಲಸ, ಹೋಗಿ ಬಾರವಾ. ಬಂದಮ್ಯಾಲ ಹಿತ್ತಲ ಬಾಗಲದಿಂದ ಬಂದು, ತಲಿ ಮ್ಯಾಲ ನೀರ ಹಾಕ್ಕೊಂಡು ಒಳಗ ಬಾ, ಅಷ್ಟ ಸಾಕು," ಎಂದಿದ್ದರು. ಅಷ್ಟೇ ಅವರ ಕರಾರು. ಆದರೆ ನನ್ನ ಕೂದಲು ಸೊಂಟ ದಾಟುತ್ತದೆ. ದಿನಾ ಬೆಳಿಗ್ಗೆ ತಲೆಸ್ನಾನ ಮಾಡಿದರೆ ಮಧ್ಯಾಹ್ನದವರೆಗೆ ಆರುವುದಿಲ್ಲ. ಒದ್ದೆ ಕೂದಲು ಕಟ್ಟಿಕೊಂಡು ಹಳ್ಳಿ ತಿರುಗಿದರೆ ನೆಗಡಿ, ತಲೆನೋವು. ಚಳಿ ಹತ್ತಿರ ಬಂದಂತೆ ಹಿತ್ತಲಿನ ಆ ತಣ್ಣೀರು ನೆನೆಸಿಕೊಂಡೇ ಮೈ ಜುಮ್ಮೆನ್ನುತ್ತಿತ್ತು.

ಒಂದು ದಿನ ನೆಗಡಿ ಜೋರಾಗಿದ್ದಾಗ ನಾನು ಒಳಗೆ ಹೋಗದೆ ಗೇಟಿನ ಹೊರಗೆ ಸ್ಕೂಟರ್ ಮೇಲೆಯೇ ಕುಳಿತು, "ಅಜ್ಜಾ, ರಿಜಿಸ್ಟರ್ ಇಲ್ಲೇ ತರ್ರಿ," ಎಂದೆ. ಒಳಗೆ ಕಾಲಿಡದಿದ್ದರೆ ಸ್ನಾನದ ಕರಾರು ಇಲ್ಲವಲ್ಲ. ಹನಮಪ್ಪಜ್ಜ ಕೈ ತೊಳೆದುಕೊಂಡು ರಿಜಿಸ್ಟರ್ ತಂದ. ಮಾರನೇ ದಿನ ನೆಗಡಿ ಕಡಿಮೆ ಇತ್ತು, ಆದರೂ ಇಳಿಯಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ನನಗೆ ಮೈಲಿಗೆ ಎಂದು ಅವನೇ ಅರ್ಥ ಮಾಡಿಕೊಂಡು ರಿಜಿಸ್ಟರಿಗೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಹಾಕಿಸಿದ. ಪೆನ್ನನ್ನು ಧೋತರದ ಚುಂಗಿನಿಂದ ಒರೆಸಿ ಕೊಡುತ್ತಿದ್ದ. ನಾನು ಅದನ್ನು ಮರ್ಯಾದೆ ಎಂದುಕೊಂಡು ಖುಷಿಪಟ್ಟಿದ್ದೆ.

ರಿಜಿಸ್ಟರಿನಲ್ಲಿ ಪರೀಕ್ಷೆಯ ಅವಧಿ ಎಂದೊಂದು ಕಾಲಂ ಇತ್ತು. ಅಲ್ಲಿ ದಿನಾ ತಪ್ಪದೆ ಒಂದು ಗಂಟೆ ಎಂದು ಬರೆಯುತ್ತಿದ್ದೆ. ಸ್ಕೂಟರಿನ ಎಂಜಿನ್ ಕೂಡ ಬಂದ್ ಮಾಡುತ್ತಿರಲಿಲ್ಲ.

ಈಗ ಕುಬಸದ ದಿನಕ್ಕೆ ಬರುತ್ತೇನೆ. ನಾದಿನಿಯನ್ನು ನರಗುಂದಕ್ಕೆ ಕೊಟ್ಟಿದೆ. ಆಗ ಅವಳಿಗೆ ಏಳು ತಿಂಗಳು, ಮೊದಲ ಬಸುರಿ. ಹಿಂದಿನ ದಿನವೇ ಬಂದಿದ್ದಳು. ಮನೆ ತುಂಬ ನೆಂಟರು. ನಾನು ನಸುಕಿನಲ್ಲೇ ಎಣ್ಣೆ ಹಚ್ಚಿ ತಲೆ ತೊಳೆದು, ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ತಯಾರಾಗಿದ್ದೆ. ದವಾಖಾನೆಗೆ ರಜೆ ಹಾಕಿದ್ದೆ, ಆದರೆ ಕಸಾಯಿಖಾನೆಯ ಸಹಿಗೆ ಬೇರೆ ಯಾರೂ ಇರಲಿಲ್ಲ. "ಹತ್ತ ಮಿನಿಟಿನ್ಯಾಗ ಬರ್ತೀನಿ ಅತ್ತೀ," ಎಂದು ಸೆರಗು ಸಿಕ್ಕಿಸಿಕೊಂಡು ಸ್ಕೂಟರ್ ಹತ್ತಿದೆ.

ಗೇಟಿನ ಹತ್ತಿರ ಹಾರ್ನ್ ಹೊಡೆದೆ. ಹನಮಪ್ಪಜ್ಜ ಬಂದ. ಕೈಯಲ್ಲಿ ರಿಜಿಸ್ಟರ್ ಇರಲಿಲ್ಲ.

"ಅವ್ವಾರ, ಇವತ್ತೊಂದಿನ ಒಳಗ ಬರ್ರಿ," ಎಂದ. "ಹನ್ನೆರಡು ಕುರಿ ಅದಾವು. ಅದರಾಗ ಒಂದರ ಮ್ಯಾಲ ನನಗ ಸಂಶೆ ಐತಿ. ಗಬ್ಬ ಐತಿ ಅನ್ನಸ್ತೈತಿ."

ಯಾರದು ಎಂದು ಕೇಳಿದೆ. ಊರಿನ ಒಬ್ಬ ಗುತ್ತಿಗೆದಾರರ ಮನೆಯಲ್ಲಿ ಮೊಮ್ಮಗನ ಜವಳ, ಅಂದರೆ ಮೊದಲ ಕೂದಲು ತೆಗೆಸುವ ಕಾರ್ಯದ ಊಟ, ಹನ್ನೆರಡೂ ಅವರವೇ. ಹನಮಪ್ಪಜ್ಜ ಹಿಂದಿನ ಸಂಜೆಯೇ ಅವರ ಆಳಿಗೆ ಇದೊಂದನ್ನು ಬಿಟ್ಟು ಬೇರೆ ತನ್ನಿ ಎಂದು ಹೇಳಿದ್ದನಂತೆ. ಡಾಕ್ಟ್ರು ಬೇಡ ಎಂದರೆ ಬಿಡುತ್ತೇವೆ, ನಿನ್ನ ಮಾತಿನ ಮೇಲೆ ಬಿಡುವುದಿಲ್ಲ ಎಂದು ಆ ಆಳು ಹೇಳಿ ಹೋಗಿದ್ದ.

"ಮೇವು ತಿಂದು ಹೊಟ್ಟಿ ಉಬ್ಬಿರಬೇಕು ಅಜ್ಜಾ," ಎಂದೆ. ಕಣ್ಣು ಕೈಗಡಿಯಾರದ ಮೇಲಿತ್ತು.

ಅವನು ಮೆಲ್ಲಗೆ ಹೇಳಿದ. "ಮೇವು ಎಡಕ್ಕ ಇರ್ತೈತ್ರಿ. ಇದು ಬಲಕ್ಕ ಐತಿ."

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕುರಿಯ ದೊಡ್ಡ ಹೊಟ್ಟೆ, ಮೇವು ತುಂಬುವ ಚೀಲ, ಎಡಗಡೆ ಇರುತ್ತದೆ. ದಿನ ತುಂಬುತ್ತ ಬಂದ ಮರಿ ಬಲಗಡೆ ಕೆಳಗೆ ಕೈಗೆ ಸಿಗುತ್ತದೆ. ಇದು ನಾನು ಮೊದಲ ವರ್ಷದ ಪಾಠದಲ್ಲೇ ಓದಿದ್ದು. ಅವನು ಹಾಗೆ ಹೇಳಿದ ಕೂಡಲೇ ನನಗೆ ಗೊತ್ತಾಯಿತು, ಅವನ ಮಾತು ಸರಿ ಇರಬಹುದು ಎಂದು. ಗೊತ್ತಿಲ್ಲದೆ ತಪ್ಪಾಯಿತು ಎಂದು ಹೇಳಿಕೊಳ್ಳುವ ದಾರಿಯನ್ನು ಆ ಒಂದು ಮಾತು ನನಗೆ ಉಳಿಸಲಿಲ್ಲ.

ಇಳಿದರೆ ಏನಾಗುತ್ತಿತ್ತು? ರೇಷ್ಮೆ ಸೀರೆ ಹಿಡಿದುಕೊಂಡು ದೊಡ್ಡಿಗೆ ಹೋಗಬೇಕು. ಮನೆಗೆ ಹೋಗಿ ಹೂ ತೆಗೆದು, ಸೀರೆ ಬಿಚ್ಚಿ, ಮತ್ತೆ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಒದ್ದೆ ತಲೆಯಲ್ಲಿ ಆರತಿ ಎತ್ತಬೇಕು. ನೆಂಟರೆಲ್ಲ ಏನಾಯಿತು ಎಂದು ಕೇಳುತ್ತಾರೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

"ಒಂದ್ಸಲ ಕೈಯಿಟ್ಟು ನೋಡ್ರಿ, ಸಾಕು," ಎಂದ ಹನಮಪ್ಪಜ್ಜ. "ನೀವು ಬ್ಯಾಡ ಅಂದ್ರ ಮುಗೀತು."

"ಅಜ್ಜಾ, ನನಗಿಂತ ನಿಮಗ ಹೆಚ್ಚು ಗೊತ್ತೈತೇನು? ಮನ್ಯಾಗ ಕಾರ್ಯ ಐತಿ, ಲಗೂ ರಿಜಿಸ್ಟರ್ ತರ್ರಿ," ಎಂದೆ. ದನಿ ಸ್ವಲ್ಪ ಏರಿತ್ತು.

ಅವನು ತಂದ. ಪೆನ್ನು ಒರೆಸಿ ಕೊಟ್ಟ. ಹನ್ನೆರಡು ಕುರಿ, ಎಲ್ಲ ಆರೋಗ್ಯ, ಗಬ್ಬ ಇಲ್ಲ, ಪರೀಕ್ಷೆಯ ಅವಧಿ ಒಂದು ಗಂಟೆ. ಸಹಿ ಹಾಕಿ ಸ್ಕೂಟರ್ ತಿರುಗಿಸಿಕೊಂಡು ಬಂದೆ. ಕನ್ನಡಿಯಲ್ಲಿ ಅವನು ರಿಜಿಸ್ಟರ್ ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದು ತಿರುವಿನವರೆಗೂ ಕಾಣುತ್ತಿತ್ತು.

ಹನ್ನೊಂದರ ಸುಮಾರಿಗೆ ಕುಬಸ ನಡೆದಿತ್ತು. ನಾದಿನಿಯನ್ನು ಮಣೆಯ ಮೇಲೆ ಕೂಡಿಸಿ ಮುತ್ತೈದೆಯರು ಒಬ್ಬೊಬ್ಬರಾಗಿ ಉಡಿ ತುಂಬುತ್ತಿದ್ದರು. ಯಾರೋ ಬಂದು, ಹೊರಗೆ ಒಬ್ಬ ಮುದುಕ ನಿಮ್ಮನ್ನು ಕರೆಯುತ್ತಿದ್ದಾನೆ, ಒಳಗೆ ಬಾ ಎಂದರೆ ಬರುತ್ತಿಲ್ಲ ಎಂದರು. ಆರತಿ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದೆ. ಹನಮಪ್ಪಜ್ಜ ರಸ್ತೆಯ ಆಚೆ ಬದಿಗೆ ನಿಂತಿದ್ದ. ತಲೆಯಿಂದ ನೀರು ಇಳಿಯುತ್ತಿತ್ತು. ತಲೆಸ್ನಾನ ಮಾಡಿ, ಮೈ ಕೂಡ ಒರೆಸಿಕೊಳ್ಳದೆ ಬಂದಿದ್ದ.

ನಾನು ಹತ್ತಿರ ಹೋದೆ. ಅವನು ನನ್ನ ಮುಖ ನೋಡಲಿಲ್ಲ, ತಟ್ಟೆಯ ದೀಪ ನೋಡುತ್ತ ಹೇಳಿದ.

"ಎರಡಿದ್ದುವ್ರಿ ಅವ್ವಾರ."

ನಾನು ತಟ್ಟೆಯ ದೀಪಕ್ಕೆ ಕೈ ಅಡ್ಡ ಹಿಡಿದೆ.

"ಮೈ ಮ್ಯಾಲ ಕೂದಲಾ ಬಂದಿದ್ದುವು. ಹಿತ್ತಲದಾಗ ಮಣ್ಣ ಮಾಡಿ ಬಂದೀನಿ. ನಮ್ಮಪ್ಪ, ನಮ್ಮ ಮುತ್ಯಾ, ಯಾರೂ ಗಬ್ಬದ ಕುರಿ ಮ್ಯಾಲ ಕೈ ಮಾಡಿದವರಲ್ಲ. ನಾನೂ ಮಾಡಿದ್ದಿಲ್ಲ. ನಿಮ್ಮ ಸಹಿ ಐತೆಲ್ಲ ಅಂತ ಮಾಡಿದೆ."

ಅಷ್ಟು ಹೇಳಿ, ಒಳಗಿನಿಂದ ಸೋಬಾನೆ ಹಾಡು ಕೇಳಿ, "ಮನ್ಯಾಗ ಕುಬಸ ಏನ್ರಿ?" ಎಂದ. ಹೌದು ಎಂದು ತಲೆ ಆಡಿಸಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಬರಬಾರದ ಹೊತ್ತಿನಲ್ಲಿ ಬಂದೆ ಎಂದು ಅವನಿಗೇ ನಾಚಿಕೆಯಾದಂತಿತ್ತು. ಕೈ ಮುಗಿದು ಹೋದ.

ನಾನು ಒಳಗೆ ಬಂದು ಆರತಿ ಎತ್ತಿದೆ. ಫೋಟೊದವನು ಈ ಕಡೆ ನೋಡ್ರಿ ಎಂದಾಗ ನೋಡಿದೆ. ಆ ಫೋಟೊಗಳಲ್ಲಿ ಯಾವುದು ಹನಮಪ್ಪಜ್ಜ ಬರುವುದಕ್ಕೆ ಮೊದಲಿನದು, ಯಾವುದು ಅವನು ಬಂದು ಹೋದ ಮೇಲಿನದು ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ. ಎರಡರಲ್ಲೂ ನಾನು ಒಂದೇ ಥರ ನಗುತ್ತಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ಒಂದು ತಪ್ಪಾಗಿತ್ತು. ಎರಡನೆಯದನ್ನು ನಾನು ಬೇಕೆಂದೇ ಮಾಡಿದೆ.

ಕೊಯ್ಯುವಾಗ ಅಲ್ಲಿದ್ದ ಯಾರೋ ಆ ಎರಡು ಮರಿಗಳ ಫೋಟೊ ತೆಗೆದಿದ್ದರು. ನಾಲ್ಕು ದಿನದಲ್ಲಿ ಅದು ಊರಿನವರ ಮೊಬೈಲಿನಲ್ಲೆಲ್ಲ ತಿರುಗಾಡಿತು. ಎಲ್ಲಿಂದಲೋ ದೂರು ಹೋಯಿತು. ಮೇಲಿನಿಂದ ವಿವರಣೆ ಕೇಳಿ ನನಗೆ ಪತ್ರ ಬಂತು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ನಾಲ್ಕು ತಿಂಗಳು ಬಾಕಿ ಇತ್ತು. ಪತ್ರ ಓದಿ ಹೆದರಿದೆ. ಕುರಿಯ ನೆನಪಾಗಿ ಅಲ್ಲ, ನೌಕರಿ ಹೋದರೆ ಜನ ಏನೆಂದಾರು ಎಂದು. ಕುಳಿತು ಉತ್ತರ ಬರೆದೆ. ನಾನು ನಿಯಮದಂತೆ ಹನ್ನೆರಡೂ ಪ್ರಾಣಿಗಳನ್ನು ಪರೀಕ್ಷಿಸಿದ್ದು, ಅವುಗಳಲ್ಲಿ ಯಾವುದೂ ಗಬ್ಬ ಇರಲಿಲ್ಲ, ಪರೀಕ್ಷೆಯ ನಂತರ ಬೇರೆ ಕುರಿ ಸೇರಿಸಿರುವ ಸಾಧ್ಯತೆ ಇದೆ. ಬರೆಯುವಾಗ ಒಂದು ಅಕ್ಷರ ಹೊಡೆದು ಹಾಕಲಿಲ್ಲ, ಅಷ್ಟು ಸಲೀಸಾಗಿ ಬಂತು.

ವಿಚಾರಣೆಗೆ ಒಬ್ಬ ಹಿರಿಯ ಅಧಿಕಾರಿ ಬಂದರು. ನನ್ನ ದವಾಖಾನೆಯ ಕೋಣೆಯಲ್ಲೇ ಕುಳಿತರು. ಹನಮಪ್ಪಜ್ಜನನ್ನು ಕರೆಸಿದರು. ಅವನು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಬಂದು ನಿಂತ.

"ಡಾಕ್ಟ್ರು ನೋಡಿ ಹೋದಮ್ಯಾಲ ಕುರಿ ಬದಲಿ ಆಗೇತೇನು?" ಎಂದು ಸಾಹೇಬರು ಕೇಳಿದರು.

ಹನಮಪ್ಪಜ್ಜ ಅವರಿಗೆ ಉತ್ತರ ಹೇಳದೆ ನನ್ನ ಕಡೆ ತಿರುಗಿದ. "ಅವ್ವಾರ, ಅವತ್ತ ನೀವು ಒಳಗ ಬಂದಿದ್ರೇನು?"

ಸಿಟ್ಟಿನಿಂದ ಕೇಳಲಿಲ್ಲ. ನಾನು ಏನು ಹೇಳುತ್ತೇನೋ ಅದನ್ನೇ ಒಪ್ಪಿಕೊಳ್ಳುವವನ ಹಾಗೆ ಕೇಳಿದ. ಸಾಹೇಬರು ನನ್ನನ್ನು ನೋಡುತ್ತಿದ್ದರು. ಸತ್ಯ ಹೇಳಲು ಒಂದೇ ಒಂದು ಮಾತು ಸಾಕಿತ್ತು.

"ಬಂದಿದ್ದೆ," ಎಂದೆ.

ಹನಮಪ್ಪಜ್ಜ ತಲೆ ಆಡಿಸಿದ. "ಹಂಗಾದ್ರ ನಂದ ತಪ್ಪಿರಬೇಕ್ರಿ ಸಾಹೇಬ್ರ. ವಯಸ್ಸಾತು," ಎಂದ. ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ವಾರದೊಳಗೆ ಅವನ ಪರವಾನಿಗೆ ರದ್ದಾಯಿತು. ಗಬ್ಬದ ಕುರಿ ಕೊಯ್ದವನು ಎಂಬ ಹೆಸರು ಊರಲ್ಲಿ ನಿಂತಿತು. ಐವತ್ತು ವರ್ಷದಲ್ಲಿ ಅವನು ಗಳಿಸಿದ್ದು ಅಂದರೆ ಒಳ್ಳೆಯ ಕೈ ಎಂಬ ಹೆಸರು. ಅದನ್ನೇ ನಾನು ತೆಗೆದುಕೊಂಡಿದ್ದೆ.

ನಾನು ಏನೂ ಆಗದವಳ ಹಾಗೆ ಇರಲು ನೋಡಿದೆ. ಆಗಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಹೋಗುವಾಗ ಧೋತರ ಉಟ್ಟ ಯಾವ ಮುದುಕ ಕಂಡರೂ ಸ್ಕೂಟರನ್ನು ಬೇರೆ ಓಣಿಗೆ ತಿರುಗಿಸುತ್ತಿದ್ದೆ. ಕಸಾಯಿಖಾನೆಗೆ ಬೇರೆಯವರು ಬಂದರು. ಗೋಣಿತಟ್ಟಿನ ಪರದೆಯನ್ನು ಕಿತ್ತು ಹಾಕಿದರು. ನಾನು ಗೇಟಿನಿಂದಲೇ ಅದನ್ನು ನೋಡಿದೆ. ಆಗಲೂ ಸ್ಕೂಟರ್ ಮೇಲೆಯೇ ಇದ್ದೆ ಎಂದು ಹೇಳಿದರೆ ನೀವು ನನ್ನ ಬಗ್ಗೆ ಏನೆಂದುಕೊಳ್ಳುತ್ತೀರೋ.

ಎರಡು ತಿಂಗಳಿಗೆ ನಾದಿನಿ ಹೆತ್ತಳು. ಹೆಣ್ಣು ಮಗು. ಅತ್ತೆಯವರು ಬಾಣಂತಿಗೆ ಅಳವಿ ಉಂಡೆ ಕಟ್ಟುತ್ತ ಕುಳಿತಿದ್ದರು. ನಾನು ಮಗುವನ್ನು ಎತ್ತಿಕೊಂಡೆ. ಅದರ ತಲೆಯ ಮೇಲಿನ ನಯವಾದ ಕೂದಲಿಗೆ ಕೈ ತಾಗಿತು. ಮೈ ಮ್ಯಾಲ ಕೂದಲಾ ಬಂದಿದ್ದುವು ಎಂದ ದನಿ ಕಿವಿಯೊಳಗೆ ಬಂತು. ಮಗುವನ್ನು ಕೆಳಗೆ ಮಲಗಿಸಿ ಅತ್ತೆಯವರ ಮುಂದೆ ಕುಳಿತು ಅತ್ತುಬಿಟ್ಟೆ. ಗೇಟು, ರಿಜಿಸ್ಟರ್, ವಿಚಾರಣೆ, ಎಲ್ಲ ಹೇಳಿದೆ. ಕೊನೆಗೆ, "ಮೈಲಿಗಿ ಆಗ್ತೈತಿ ಅಂತ ನಾ ಒಳಗ ಹೋಗಲಿಲ್ಲ ಅತ್ತೀ," ಎಂದೆ. ತಪ್ಪಿನ ಒಂದು ತುಂಡನ್ನಾದರೂ ಅವರ ಮಡಿಲಿಗೆ ಹಾಕುವ ಆಸೆ ಇತ್ತೇನೋ.

ಅತ್ತೆಯವರು ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಾ ನಿನಗ ಎಂದರ ಹೋಗಬ್ಯಾಡ ಅಂದೀನೇನು?" ಎಂದು ಕೇಳಿದರು. "ಜಳಕಾ ಮಾಡಿ ಒಳಗ ಬಾ ಅಂದಿದ್ದೆ. ನಿನಗ ಜಳಕದ ಬ್ಯಾಸರಾತು. ಅದಕ್ಕ ದೇವರ ಹೆಸರು, ನನ್ನ ಹೆಸರು ಯಾಕ ಹೇಳ್ತಿ?"

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಇನ್ನೊಂದು ಉಂಡೆ ಕಟ್ಟಿಟ್ಟು ಅವರೇ, "ಆ ಮುದುಕನ ಮನಿ ಗೊತ್ತೈತೇನು ನಿನಗ?" ಎಂದರು. ಗೊತ್ತಿರಲಿಲ್ಲ. ದಿನಾ ನೋಡುತ್ತಿದ್ದ ಮನುಷ್ಯ ಎಲ್ಲಿರುತ್ತಾನೆ ಎಂದು ನಾನು ಕೇಳಿಯೇ ಇರಲಿಲ್ಲ.

ಮಾರನೇ ದಿನ ಮೇಲಿನವರಿಗೆ ಇನ್ನೊಂದು ಪತ್ರ ಬರೆದೆ. ಈ ಸಲ ಬಹಳ ಹೊಡೆದು ಹಾಕಿದೆ, ಬಹಳ ತಿದ್ದಿದೆ. ಆದರೆ ನಿಜ ಬರೆದೆ. ನನಗೆ ಮೆಮೋ ಕೊಟ್ಟರು, ಖಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಕೆಲಸ ಹೋಗಲಿಲ್ಲ. ಇಷ್ಟಕ್ಕೆ ಹೆದರಿ ಆ ಮಾತು ಆಡಿದೆನೇ ಎಂದು ಇನ್ನೂ ನಾಚಿಕೆಯಾಯಿತು. ಹನಮಪ್ಪಜ್ಜನ ಪರವಾನಿಗೆಯನ್ನು ಮರಳಿ ಕೊಡುವಂತೆ ಆದೇಶವಾಯಿತು. ಅದರ ಪ್ರತಿಯನ್ನು ನಾನೇ ಕೊಡುತ್ತೇನೆ ಎಂದು ಕೇಳಿ ತೆಗೆದುಕೊಂಡೆ.

ಅವನು ಮನೆಯಲ್ಲಿರಲಿಲ್ಲ. ಸಂತೆ ಬಯಲಿನ ಹತ್ತಿರ ಒಂದು ಗೋದಾಮಿನ ಮುಂದೆ ನಾಲ್ಕೈದು ಮಂದಿಯ ಜೊತೆ ಹರಿದ ಗೋಣಿಚೀಲ ಹೊಲಿಯುತ್ತ ಕುಳಿತಿದ್ದ. ಕೈಯಲ್ಲಿ ಉದ್ದನೆಯ ದಬ್ಬಣ. ನನ್ನನ್ನು ನೋಡಿ ಎದ್ದು ನಿಂತ. ನಾನು ಕಾಗದ ಚಾಚಿದೆ.

"ನನಗ ಓದಾಕ ಎಲ್ಲಿ ಬರ್ತೈತ್ರಿ? ನೀವ ಓದ್ರಿ," ಎಂದ.

ಅದನ್ನು ನಾನು ಯೋಚಿಸಿರಲಿಲ್ಲ. ಹೊಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಓದಿದೆ. ಅದರಲ್ಲಿ ಹೀಗಿತ್ತು. ಪಶು ವೈದ್ಯಾಧಿಕಾರಿಯು ಸದರಿ ದಿನ ಒಳಗೆ ಹೋಗಿ ಪ್ರಾಣಿಗಳನ್ನು ಪರೀಕ್ಷಿಸಿರುವುದಿಲ್ಲ, ಹನಮಪ್ಪ ಎಂಬುವರು ಗಬ್ಬದ ಬಗ್ಗೆ ಮೊದಲೇ ತಿಳಿಸಿದ್ದರೂ ವೈದ್ಯಾಧಿಕಾರಿಯು ನಿರ್ಲಕ್ಷಿಸಿರುತ್ತಾರೆ, ಇದರಲ್ಲಿ ಸದರಿ ಹನಮಪ್ಪನವರ ತಪ್ಪು ಇರುವುದಿಲ್ಲ.

"ಕಡೀಕಿನ ಸಾಲು ಇನ್ನೊಮ್ಮೆ ಓದ್ರಿ," ಎಂದ ಹನಮಪ್ಪಜ್ಜ. "ಇವರಿಗೂ ಕೇಳಲಿ."

ಇನ್ನೊಮ್ಮೆ ಓದಿದೆ, ಗಟ್ಟಿಯಾಗಿ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. ಸಭೆಯಲ್ಲಿ ಒಂದು ತಾಸು ಮಾತಾಡಿದ ಬಾಯಿ ಎರಡು ಸಾಲಿಗೆ ಒಣಗಿಹೋಯಿತು.

ಅವನು ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ತಪ್ಪಾಯಿತು ಅಜ್ಜಾ ಎಂದು ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಸರಿದು ನಿಂತ, ಮುಟ್ಟಗೊಡಲಿಲ್ಲ. ಸಿಟ್ಟೋ, ಮಡಿಯೋ, ಇವತ್ತಿಗೂ ನನಗೆ ತಿಳಿದಿಲ್ಲ.

"ನಾಳಿಂದ ಕೆಲಸಕ್ಕ ಬರ್ರಿ ಅಜ್ಜಾ," ಎಂದೆ.

"ಇಲ್ರಿ. ಕಾಗದ ಬೇಕಾಗಿತ್ತು, ಬಂತು. ಕತ್ತಿ ಇನ್ನ ಹಿಡಿಯಾಂಗಿಲ್ಲ. ಕೈ ಒಲ್ಲೆ ಅಂತೈತಿ." ಕುಳಿತು ದಬ್ಬಣಕ್ಕೆ ಸುತಳಿ ಪೋಣಿಸಿಕೊಂಡ. ನಾನು ಹೊರಡುವುದೋ ನಿಲ್ಲುವುದೋ ತಿಳಿಯದೆ ನಿಂತಿದ್ದೆ. ಅವನೇ ಕೇಳಿದ. "ಈಗ ಮುಂಜಾನಿ ಕುರಿ ಯಾರ ನೋಡ್ತಾರು?"

"ನಾನ ನೋಡ್ತೀನಿ."

"ಒಳಗ ಹೋಗಿ?"

"ಒಳಗ ಹೋಗಿ ಅಜ್ಜಾ. ಪತ್ರ ಬರದ ದಿನದಿಂದ ಹೋಗಾಕತ್ತೀನಿ."

ಅವನು ಚೀಲದ ಮೇಲಿನ ಕಣ್ಣು ತೆಗೆಯಲಿಲ್ಲ. "ಬಲಕ್ಕ ಕೈ ಇಟ್ಟು ನೋಡ್ರಿ," ಎಂದ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ದೊಡ್ಡಿಗೂ ಕೋಣೆಗೂ ನಡುವೆ ಮತ್ತೆ ಗೋಣಿತಟ್ಟಿನ ಪರದೆ ಇದೆ. ಅದನ್ನು ಹನಮಪ್ಪಜ್ಜನಿಂದಲೇ ಹೊಲಿಸಿದೆ. ನನ್ನ ಕೂದಲು ದಿನಾ ಮಧ್ಯಾಹ್ನದವರೆಗೆ ಒದ್ದೆ ಇರುತ್ತದೆ. ಡಾಕ್ಟ್ರಿಗೆ ಇದೇನು ದಿನಾ ಎಣ್ಣೆನೀರು ಎಂದು ದವಾಖಾನೆಗೆ ಬರುವ ರೈತರು ನಗುತ್ತಾರೆ. ನಾನೂ ನಗುತ್ತೇನೆ. ಮೂರು ವರ್ಷದಲ್ಲಿ ಕೆಲವು ಗಬ್ಬದ ಕುರಿಗಳನ್ನು ತಡೆದು ವಾಪಸು ಕಳಿಸಿದ್ದೇನೆ. ಬಲಗಡೆ ಕೈಯಿಟ್ಟು ಕಾದರೆ ಒಳಗಿನ ಮರಿ ಒಮ್ಮೆ ಅಂಗೈಗೆ ಒದೆಯುತ್ತದೆ. ಆಗ ಸಂತೋಷಪಡಬೇಕು. ಆದರೆ ನನಗೆ ಮೊದಲು ನೆನಪಾಗುವುದು ಗೇಟಿನ ಹೊರಗೆ ಸದ್ದು ಮಾಡುತ್ತ ನಿಂತಿದ್ದ ಸ್ಕೂಟರ್.

ಗೇಟಿನಿಂದ ದೊಡ್ಡಿಗೆ ಇಪ್ಪತ್ತೆರಡು ಹೆಜ್ಜೆ. ಈಗ ದಿನಾ ಎಣಿಸುತ್ತೇನೆ.